ಸಾಕಿದ ದೊಡ್ಡ ಹೆಬ್ಬಾವು ಸರಿಯಿಲ್ಲ ಅನ್ನಿಸಿದಾಗ: ಎಲ್ಲಿಂದ ಹುಡುಕಬೇಕು, ಏನು ಮಾಡಬೇಕು

ಬರ್ಮೀಸ್ ಪೈಥಾನ್, ರೆಟಿಕ್ಯುಲೇಟೆಡ್ ಪೈಥಾನ್ (ಸಾಕುವವರ ಬಾಯಲ್ಲಿ ಬರೀ ‘ರೆಟಿಕ್’), ಆಫ್ರಿಕನ್ ರಾಕ್ ಪೈಥಾನ್, ಹಸಿರು ಅನಕೊಂಡ. ಅಮೆರಿಕದಲ್ಲಿ ಇವನ್ನು ಮನೆಯಲ್ಲೇ ಸಾಕುವವರಿದ್ದಾರೆ. ನಾನು ಟೆಕ್ಸಸ್‌ನಲ್ಲಿ ಇಂಥ ಹಾವುಗಳ ಆರೈಕೆಗೆ ಕೈಜೋಡಿಸುತ್ತೇನೆ. ಸಾಕಿದವರಿಂದ ಮತ್ತೆ ಮತ್ತೆ ಕೇಳುವ ಮಾತು ಒಂದೇ: “ನೆನ್ನೆವರೆಗೂ ಚೆನ್ನಾಗಿತ್ತು, ಇದ್ದಕ್ಕಿದ್ದ ಹಾಗೆ ಹೀಗಾಯ್ತು.” ಹಾವು ಇದ್ದಕ್ಕಿದ್ದ ಹಾಗೆ ಕೆಡುವುದು ಬಹಳ ಅಪರೂಪ. ಕೆಟ್ಟಿದ್ದು ಹೊರಗೆ ಕಾಣಲು ವಾರಗಟ್ಟಲೆ ಹಿಡಿಯುತ್ತದೆ, ಅಷ್ಟೇ.

ಮುಂದೆ ಹೋಗುವ ಮೊದಲು ಊರಿನಲ್ಲಿರುವ ಓದುಗರಿಗೆ ಒಂದು ಮಾತು. ನಮ್ಮ ಹೆಬ್ಬಾವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ. ಅದನ್ನು ಹಿಡಿದು ಮನೆಯಲ್ಲಿ ಇಟ್ಟುಕೊಳ್ಳುವುದು 3ರಿಂದ 7 ವರ್ಷ ಜೈಲು ಶಿಕ್ಷೆಯ ಅಪರಾಧ. ತೋಟಕ್ಕೋ ಕೋಳಿಗೂಡಿಗೋ ಬಂದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ. ಈ ಬರಹ, ಕಾನೂನು ಅನುಮತಿಸುವ ಕಡೆ ಈಗಾಗಲೇ ಹಾವು ಸಾಕಿಕೊಂಡಿರುವವರಿಗೆ.

ಮೊದಲು ಪೆಟ್ಟಿಗೆ, ಆಮೇಲೆ ಹಾವು

ಹಾವು ಸಾಮಾನ್ಯವಾಗಿ ತನ್ನ ಮೈಯನ್ನು ತಾನೇ ಬಿಸಿ ಮಾಡಿಕೊಳ್ಳುವುದಿಲ್ಲ. ಅರಗಿಸುವುದು, ಉಸಿರಾಡುವುದು, ರೋಗದ ಜೊತೆ ಹೋರಾಡುವುದು ಎಲ್ಲವೂ ನಾವು ಕೊಡುವ ಬಿಸಿಯ ಮೇಲೆ ನಿಂತಿದೆ. ಕಾಡಿನಲ್ಲಾದರೆ ಬಿಸಿಲಿಗೆ ಬರುತ್ತದೆ, ಬಿಲ ಸೇರುತ್ತದೆ, ನೀರಿಗಿಳಿಯುತ್ತದೆ. ಪೆಟ್ಟಿಗೆಯಲ್ಲಿ ಆ ಆಯ್ಕೆಗಳನ್ನು ನಾವೇ ಕೊಡಬೇಕು. ಹಾಗಾಗಿ ದೋಷ ಹುಡುಕುವಾಗ ಹಾವನ್ನು ಎತ್ತಿ ತಿರುಗಿಸಿ ನೋಡುವ ಮೊದಲು ಪೆಟ್ಟಿಗೆಯನ್ನು ಅಳೆಯಿರಿ. ಇದರಿಂದ ಇನ್ನೊಂದು ಉಪಕಾರವೂ ಇದೆ. 40 ಕೆಜಿ ತೂಗುವ, ಮೈ ಸರಿಯಿಲ್ಲದ ಹಾವನ್ನು ಸುಮ್ನೆ ಎತ್ತಾಡಿದರೆ ಅದಕ್ಕೂ ಕಷ್ಟ, ನಮಗೂ ಅಪಾಯ.

ಮೂರು ವಸ್ತು ಕೈಯಲ್ಲಿರಲಿ: ಗನ್ ಥರ್ಮಾಮೀಟರ್, ತೇವಾಂಶ ತೋರಿಸುವ ಮೀಟರ್, ಒಂದು ನೋಟ್‌ಬುಕ್. ಕೊನೆಯ ಊಟ ಯಾವತ್ತು, ಏನು, ಎಷ್ಟು ತೂಕ. ಕೊನೆಯ ಪೊರೆ ಯಾವತ್ತು. ಕೊನೆಯ ಮಲ ಯಾವತ್ತು. ಹಾವಿನ ತೂಕ ಎಷ್ಟು. ಈ ತಾರೀಕುಗಳಿಲ್ಲದೆ ವೈದ್ಯರೂ ಊಹೆ ಮಾಡಬೇಕಾಗುತ್ತದೆ.

ಬರ್ಮೀಸ್ ಪೈಥಾನ್ ಲೆಕ್ಕದಲ್ಲಿ ಹೇಳುವುದಾದರೆ, ಬಿಸಿ ಕಾಯಿಸಿಕೊಳ್ಳುವ ಜಾಗ 31ರಿಂದ 32 ಡಿಗ್ರಿ ಸೆಲ್ಸಿಯಸ್ ಇರಬೇಕು. ಇಲ್ಲಿನ ಥರ್ಮೋಸ್ಟಾಟ್‌ಗಳ (ಬಿಸಿ ನೋಡಿಕೊಂಡು ಹೀಟರ್ ಅನ್ನು ತಾನೇ ಹಚ್ಚಿ ಆರಿಸುವ ಸಾಧನ) ಲೆಕ್ಕದಲ್ಲಿ ಅದು 88ರಿಂದ 90 ಫ್ಯಾರನ್‌ಹೀಟ್. ತಂಪಿನ ಕಡೆ 26–27 ಡಿಗ್ರಿ. ರಾತ್ರಿ 24ಕ್ಕಿಂತ ಕೆಳಗೆ ಇಳಿಯಬಾರದು. ತೇವಾಂಶ ಶೇ. 50ರಿಂದ 70.

ಥರ್ಮೋಸ್ಟಾಟ್ ಸರಿಯಾದ ಅಂಕಿ ತೋರಿಸುತ್ತಿದೆ, ಹಾವು ಮಾತ್ರ ಸರಿಯಿಲ್ಲ

ಹೆಚ್ಚಿನವರು ದಾರಿ ತಪ್ಪುವುದು ಇಲ್ಲೇ. ಥರ್ಮೋಸ್ಟಾಟ್ ತೋರಿಸುವುದು ಪ್ರೋಬ್ (ಬಿಸಿ ಅಳೆಯುವ, ತಂತಿಯ ತುದಿಯ ಸೆನ್ಸರ್) ಇರುವ ಒಂದು ಬಿಂದುವಿನ ಬಿಸಿ ಮಾತ್ರ. ಎರಡೂವರೆ ಮೀಟರ್ ಉದ್ದದ ಪೆಟ್ಟಿಗೆಯಲ್ಲಿ ಆ ಒಂದು ಬಿಂದು ಏನೂ ಅಲ್ಲ. ನಾಲ್ಕು ಅಡಿ ಪೆಟ್ಟಿಗೆಯಲ್ಲಿ ಮರಿಗೆ ಸಾಕಾಗಿದ್ದ ಒಂದು ಹೀಟ್ ಪ್ಯಾನೆಲ್, ಬೆಳೆದ ಹಾವಿನ ಮೈಯ ಕಾಲು ಭಾಗವನ್ನೂ ಕಾಯಿಸುವುದಿಲ್ಲ. ಹಾವು ಸುರುಳಿ ಸುತ್ತಿದಾಗ ಇಡೀ ಸುರುಳಿ ಬಿಸಿ ಜಾಗದಲ್ಲಿ ಹಿಡಿಸಬೇಕು. ಹಿಡಿಸದಿದ್ದರೆ ಅರ್ಧ ಮೈ ಬಿಸಿ, ಅರ್ಧ ಮೈ ತಣ್ಣಗೆ. ಎಷ್ಟೋ ಕಾಯಿಲೆಗಳಿಗೆ ಇದೇ ಮೂಲ.

ಹೀಗೆ ಪರೀಕ್ಷಿಸಿ. ಗನ್ ಥರ್ಮಾಮೀಟರ್ ಹಿಡಿದು ನೆಲದ ಮೇಲೆ ಅರ್ಧ ಅರ್ಧ ಅಡಿಗೆ ಒಂದು ಅಳತೆ ತೆಗೆಯಿರಿ. ಬೆಳಿಗ್ಗೆ ಒಂದು ಸಲ, ಮಧ್ಯರಾತ್ರಿ ಒಂದು ಸಲ. ಮಧ್ಯರಾತ್ರಿಯ ಅಳತೆಯನ್ನು ಬಿಡಬೇಡಿ, ತೊಂದರೆ ಸಿಕ್ಕಿಬೀಳುವುದು ಹೆಚ್ಚಾಗಿ ಆಗಲೇ.

ಆಮೇಲೆ ಪ್ರೋಬ್ ಎಲ್ಲಿದೆ ನೋಡಿ. ದೊಡ್ಡ ಹಾವು ಒಮ್ಮೆ ಮೈ ತಿರುಗಿಸಿದರೆ ಅಂಟಿಸಿದ ಟೇಪು ಕಿತ್ತು ಪ್ರೋಬ್ ನೀರಿನ ತೊಟ್ಟಿಗೆ ಬೀಳುತ್ತದೆ. ನೀರು ತಣ್ಣಗಿದೆ. ಥರ್ಮೋಸ್ಟಾಟ್ ಪೆಟ್ಟಿಗೆಯೇ ತಣ್ಣಗಾಗಿದೆ ಎಂದು ತಿಳಿದು ಹೀಟರ್ ಅನ್ನು ನಿಲ್ಲಿಸದೆ ಉರಿಸುತ್ತದೆ. ಪರದೆಯ ಮೇಲೆ ಕಡಿಮೆ ಅಂಕಿ, ಒಳಗೆ ಕುದಿ. ತಿರುವುಮುರುವೂ ಆಗುತ್ತದೆ. ಹಾವು ಪ್ರೋಬ್ ಸಮೇತ ಹೀಟರ್ ಕೆಳಗೆ ಮಲಗಿದರೆ ಬಿಸಿ ಬೇಗ ನಿಂತು ಪೆಟ್ಟಿಗೆಯ ಉಳಿದ ಭಾಗ ಆರಿಹೋಗುತ್ತದೆ. ಪ್ರೋಬ್ ಅನ್ನು ಟೇಪಿನಿಂದ ಅಂಟಿಸಲೇಬೇಡಿ. ಗೋಡೆಗೆ ಸ್ಕ್ರೂ ಹಾಕಿ, ಹಾವಿನ ಮೈ ತಾಗದ ಹಾಗೆ ಜಾಲರಿಯ ಮರೆಯಲ್ಲಿ ಕೂರಿಸಿ.

ಮೂರನೆಯದು ರಿಲೇ, ಅಂದರೆ ಥರ್ಮೋಸ್ಟಾಟ್ ಒಳಗೆ ಹೀಟರಿನ ಕರೆಂಟನ್ನು ಕೂಡಿಸಿ ಕಡಿಯುವ ಸ್ವಿಚ್. ಆನ್-ಆಫ್ ಥರ್ಮೋಸ್ಟಾಟ್‌ನ ರಿಲೇ ಹಳತಾದಾಗ ‘ಆನ್’ ಸ್ಥಿತಿಯಲ್ಲೇ ಅಂಟಿಕೊಳ್ಳಬಹುದು. ಪರೀಕ್ಷೆ ಸುಲಭ. ಸೆಟ್ಟಿಂಗ್ ಅನ್ನು ಕೋಣೆಯ ಬಿಸಿಗಿಂತ ಕೆಳಗೆ ಇಳಿಸಿ. ಹೀಟರ್ ಆರಬೇಕು. ಆರದಿದ್ದರೆ ಆ ಥರ್ಮೋಸ್ಟಾಟ್ ಅನ್ನು ಅವತ್ತೇ ಬದಲಿಸಿ. ಆರಿದರೂ, ಇನ್ನೊಂದು ಥರ್ಮೋಸ್ಟಾಟ್ ಅನ್ನು ಮೂರು ಡಿಗ್ರಿ ಹೆಚ್ಚಿಗೆ ಇಟ್ಟು ಸಾಲಾಗಿ ಜೋಡಿಸುವುದು ಒಳ್ಳೆಯದು. ಮೊದಲನೆಯದು ಕೈಕೊಟ್ಟರೆ ಎರಡನೆಯದು ಕಡಿಯುತ್ತದೆ. ಇದಕ್ಕೆ ಹಣ ಉಳಿಸುವುದರಲ್ಲಿ ಅರ್ಥವಿಲ್ಲ. ಹಾವು ಸುಡುವ ಮೇಲ್ಮೈಯಿಂದ ಬೇಗ ಎದ್ದು ಹೋಗುತ್ತದೆ ಎಂದು ನಂಬಬೇಡಿ. ಹೊಟ್ಟೆ ಸುಡುತ್ತಿದ್ದರೂ ಅಲ್ಲೇ ಮಲಗಿರುತ್ತದೆ. ಹಾಗೆ ಸುಟ್ಟ ಹೊಟ್ಟೆಯ ಹುರುಪೆ ಮಾಯಲು ತಿಂಗಳುಗಳು ಬೇಕು. ಬಿಸಿ ಕಲ್ಲು ಎಂದು ಮಾರುವ ವಸ್ತುವನ್ನು ದೊಡ್ಡ ಹಾವಿನ ಪೆಟ್ಟಿಗೆಗೆ ಹಾಕಲೇಬಾರದು ಅನ್ನುವುದು ಇದಕ್ಕೇ.

ಕರೆಂಟ್ ಹೋದಾಗಿನ ಕಥೆಯೇ ಬೇರೆ. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಟೆಕ್ಸಸ್‌ನ 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳು ಕತ್ತಲಾದವು, ಕೆಲವು ಕಡೆ ದಿನಗಟ್ಟಲೆ. ಅಂಥ ಮುನ್ಸೂಚನೆ ಬಂದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಊಟ ನಿಲ್ಲಿಸುವುದು. ಹೊಟ್ಟೆಯಲ್ಲಿ ಮೊಲ ಇದ್ದು ಮೈ ತಣ್ಣಗಾದರೆ ಅದು ಅರಗುವುದಿಲ್ಲ, ಕೊಳೆಯುತ್ತದೆ. ಖಾಲಿ ಹೊಟ್ಟೆಯ, ಒಣ ಮೈಯ ಹಾವು ಸ್ವಲ್ಪ ಕಾಲ ಚಳಿ ತಡೆಯುತ್ತದೆ. ನೀರಿನ ತೊಟ್ಟಿ ತೆಗೆದುಬಿಡಿ. ಹಾವನ್ನು ರಜಾಯಿಯ ಹೊದಿಕೆ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಮನೆಯ ಒಳಗಿನ ಚಿಕ್ಕ ಕೋಣೆಯಲ್ಲಿ ಕಂಬಳಿ ಹೊದಿಸಿ. ಬಿಸಿನೀರಿನ ಬಾಟಲಿಯನ್ನು ಟವೆಲ್‌ನಲ್ಲಿ ಸುತ್ತಿ ಪಕ್ಕದಲ್ಲಿಡಿ, ಮೈಗೆ ತಾಗಿಸಬೇಡಿ. ಇದ್ದಿಲು ಒಲೆಯನ್ನಾಗಲಿ ಜನರೇಟರನ್ನಾಗಲಿ ಮನೆಯೊಳಗೆ ಹಚ್ಚಬೇಡಿ. ಅದರ ಹೊಗೆ ಹಾವಿಗಿಂತ ಮೊದಲು ಮನೆಯವರನ್ನು ಕೊಲ್ಲುತ್ತದೆ.

ಉಸಿರಾಡುವಾಗ ಸದ್ದು, ಬಾಯಲ್ಲಿ ನೊರೆ

ಸದ್ದು ಎರಡು ಬಗೆ. ಪೊರೆ ಬಿಡುವ ಮುಂಚೆ ಮೂಗಿನ ಹೊಳ್ಳೆಯಲ್ಲಿ ಹಳೆ ಚರ್ಮ ಸಡಿಲವಾಗಿ ಸಣ್ಣಗೆ ಸಿಳ್ಳೆ ಬರಬಹುದು. ಪೊರೆ ಬಿಟ್ಟ ಮೇಲೆ ಅದು ನಿಲ್ಲುತ್ತದೆ. ನಿಲ್ಲದೆ ಮುಂದುವರಿದರೆ, ಗೊರಗೊರ ಆದರೆ, ಬಾಯಂಚಿನಲ್ಲಿ ಗುಳ್ಳೆ ಕಂಡರೆ, ಹಾವು ತಲೆ ಮೇಲೆತ್ತಿ ಬಾಯಿ ತೆರೆದು ಉಸಿರೆಳೆದರೆ ಅದು ಶ್ವಾಸಕೋಶದ ಸೋಂಕು.

ಹಾವಿಗೆ ನಮ್ಮ ಹಾಗೆ ವಪೆ ಇಲ್ಲ. ಹಾಗಾಗಿ ಕೆಮ್ಮಿ ಕಫ ಹೊರಹಾಕಲು ಆಗುವುದಿಲ್ಲ. ಕಫ ಒಳಗೇ ನಿಲ್ಲುತ್ತದೆ. “ನಾಳೆ ನೋಡೋಣ” ಅನ್ನುವ ಕಾಯಿಲೆ ಇದಲ್ಲ.

ಮೊದಲು ರಾತ್ರಿಯ ಬಿಸಿ, ಹಾಸು ಒದ್ದೆಯಾಗಿದೆಯಾ, ಗಾಳಿ ಆಡುತ್ತಿದೆಯಾ ನೋಡಿ. ಚಳಿ ಮತ್ತು ಒದ್ದೆ ಎರಡೂ ಸೇರಿದಾಗಲೇ ಇದು ಹೆಚ್ಚು. ತೇವಾಂಶ ಹೆಚ್ಚಿಸಲು ಹೋಗಿ ಗಾಳಿಕಿಂಡಿ ಮುಚ್ಚುವವರಿದ್ದಾರೆ. ಅದು ರೋಗಕ್ಕೆ ದಾರಿ. ಬಿಸಿಯನ್ನು ಒಂದೆರಡು ಡಿಗ್ರಿ ಏರಿಸಿ, ಹಾಸು ಬದಲಿಸಿ, ಸರೀಸೃಪಗಳ ವೈದ್ಯರ ಹತ್ತಿರ ಕರೆದೊಯ್ಯಿರಿ. ಹಳೆಯ ಆ್ಯಂಟಿಬಯಾಟಿಕ್ ಉಳಿದಿದೆ ಎಂದು ಚುಚ್ಚಬೇಡಿ. ಕೆಲವು ಔಷಧಿಗಳು ನೀರು ಕಡಿಮೆಯಾದ ಹಾವಿನ ಕಿಡ್ನಿಯನ್ನೇ ಕೆಡಿಸುತ್ತವೆ. ಡೋಸ್ ತೂಕದ ಮೇಲೆ ನಿಲ್ಲುತ್ತದೆ, ಮತ್ತು ದೊಡ್ಡ ಹಾವಿನ ತೂಕವನ್ನು ಕಣ್ಣಳತೆಯಲ್ಲಿ ಹೇಳಿದರೆ ಹತ್ತು ಕೆಜಿ ಆಚೀಚೆ ಆಗುವುದು ಸಾಮಾನ್ಯ.

ಬಿಸಿ ಸರಿ, ಹಾಸು ಒಣ, ಔಷಧಿಯೂ ಆಯ್ತು, ಆದರೂ ಮತ್ತೆ ಮತ್ತೆ ಬರುತ್ತಿದೆ ಅಂದರೆ ಹಾವಿನ ಶ್ವಾಸಕೋಶಕ್ಕೆ ತಗಲುವ ನಿಡೋವೈರಸ್ ಬಗ್ಗೆ ವೈದ್ಯರನ್ನು ಕೇಳಿ. ಪೈಥಾನ್‌ಗಳಲ್ಲಿ ಇದನ್ನು ಗುರುತಿಸಿದ್ದು 2014ರಲ್ಲಿ. ಬಾಯಿಂದ ಸ್ವಾಬ್ ತೆಗೆದು ಪಿಸಿಆರ್ ಮಾಡಿಸಿದರೆ ಗೊತ್ತಾಗುತ್ತದೆ. ವೈರಸ್ಸನ್ನೇ ತೆಗೆದುಹಾಕುವ ಔಷಧಿ ಇಲ್ಲ. ಆ ಹಾವನ್ನು ಉಳಿದವುಗಳಿಂದ ದೂರ ಇಡಬೇಕು, ಹುಕ್ (ಹಾವನ್ನು ಸರಿಸಲು, ಎತ್ತಲು ಬಳಸುವ ಕೊಕ್ಕೆ ಕೋಲು), ಬಕೆಟ್, ಕೈಗವಸು ಎಲ್ಲ ಬೇರೆ ಇರಬೇಕು. ಹೊಸ ಹಾವನ್ನು ಕನಿಷ್ಠ ಮೂರು ತಿಂಗಳು ಬೇರೆ ಕೋಣೆಯಲ್ಲಿಡಿ ಅನ್ನುವುದು ಈ ಕಾರಣಕ್ಕೇ.

ಹಾವು ತಲೆಯನ್ನು ಹಿಂದಕ್ಕೆ ತಿರುಚಿ ಆಕಾಶ ನೋಡುವ ಹಾಗೆ ನಿಂತರೆ, ಬೆನ್ನ ಮೇಲೆ ಮಗುಚಿಕೊಂಡರೆ ಅದು ಶ್ವಾಸಕೋಶದ ವಿಷಯ ಅಲ್ಲ, ನರದ್ದು. ಬೋವಾ (ಹೆಬ್ಬಾವಿನ ಹಾಗೆಯೇ ಬೇಟೆಯನ್ನು ಸುತ್ತಿ ಕೊಲ್ಲುವ ಇನ್ನೊಂದು ಗುಂಪಿನ ಹಾವು), ಪೈಥಾನ್‌ಗಳಿಗೆ ಬರುವ ಇನ್‌ಕ್ಲೂಷನ್ ಬಾಡಿ ಎಂಬ ವೈರಸ್ ರೋಗದಲ್ಲಿ ಹೀಗಾಗುತ್ತದೆ. ಅತಿಯಾದ ಬಿಸಿ ತಗಲಿದಾಗಲೂ ಹೀಗಾಗಬಹುದು. ಹಾಗಾಗಿ ಪೆಟ್ಟಿಗೆಯ ಬಿಸಿ ಬರೆದುಕೊಂಡು ಅವತ್ತೇ ಆಸ್ಪತ್ರೆಗೆ ಹೋಗಿ.

ನುಂಗಿದ್ದನ್ನು ಕಕ್ಕಿದೆ

ಊಟ ಅರಗಿಸುವುದು ಹೆಬ್ಬಾವಿನ ಮೈಗೆ ಎಷ್ಟು ದೊಡ್ಡ ಕೆಲಸ ಎಂದು ಗೊತ್ತಿದ್ದರೆ ಕಕ್ಕುವುದು ಯಾಕೆ ಗಂಭೀರ ಎಂದು ತಿಳಿಯುತ್ತದೆ. 2005ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಊಟವಾದ ಎರಡು ದಿನದಲ್ಲಿ ಬರ್ಮೀಸ್ ಪೈಥಾನ್‌ನ ಹೃದಯದ ಕುಹರದ ತೂಕ ಶೇ. 40ರಷ್ಟು ಹೆಚ್ಚಿದ್ದು ಕಂಡುಬಂತು. ಕರುಳು, ಲಿವರ್ ಕೂಡ ಉಬ್ಬುತ್ತವೆ. ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡ ಮೈ ಊಟವನ್ನು ವಾಪಸ್ ಕಳಿಸಿತು ಅಂದರೆ, ಹಾವು ದಣಿದು ಹೋಗಿದೆ. ಆಮ್ಲದಿಂದ ಗಂಟಲೂ ಸುಟ್ಟಿರುತ್ತದೆ.

ಕಾರಣಗಳನ್ನು ಈ ಕ್ರಮದಲ್ಲಿ ಹುಡುಕಿ. ಊಟವಾದ ಎರಡು ದಿನದೊಳಗೆ ಯಾರಾದರೂ ಎತ್ತಿದರಾ? ಬಿಸಿ ಇಳಿದಿತ್ತಾ? ಊಟ ಅದರ ಮೈಗೆ ಮೀರಿದ ಗಾತ್ರದ್ದಾ? ಫ್ರೀಜರಿನ ಮೊಲ ಒಳಗಿನವರೆಗೆ ಕರಗಿತ್ತಾ? ಕೊನೆಯ ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳುವುದೇ ಇಲ್ಲ. ಇಲಿ ಒಂದೆರಡು ಗಂಟೆಯಲ್ಲಿ ಕರಗುತ್ತದೆ. ಎರಡೂವರೆ ಕೆಜಿ ಮೊಲಕ್ಕೆ ಫ್ರಿಜ್‌ನಲ್ಲಿ ಒಂದು ಇಡೀ ದಿನ ಸಾಲದೆಯೂ ಹೋಗಬಹುದು. ಹೊರಗೆ ಮೆತ್ತಗೆ, ಒಳಗೆ ಐಸ್. ಅಡುಗೆಯ ಕಡ್ಡಿ ಥರ್ಮಾಮೀಟರ್ ಅನ್ನು ಹೊಟ್ಟೆಯ ಭಾಗಕ್ಕೆ ಚುಚ್ಚಿ ನೋಡಿದರೆ ಗೊತ್ತಾಗುತ್ತದೆ (ಆ ಥರ್ಮಾಮೀಟರ್ ಮತ್ತೆ ಅಡುಗೆಮನೆಗೆ ಬರಬಾರದು).

ಕಕ್ಕಿದ್ದರಲ್ಲಿ ಸ್ವಲ್ಪ ಚೀಲದಲ್ಲಿ ಹಾಕಿ ಇಟ್ಟುಕೊಳ್ಳಿ, ವೈದ್ಯರಿಗೆ ಬೇಕಾಗಬಹುದು. ಶುದ್ಧ ನೀರು ಕೊಡಿ. ಎರಡು ವಾರ ಊಟ ಬೇಡ, ಆಮೇಲೆ ಅರ್ಧ ಗಾತ್ರದ್ದು. “ಪಾಪ, ಹೊಟ್ಟೆ ಖಾಲಿಯಾಯ್ತು” ಎಂದು ಮರುದಿನವೇ ಇನ್ನೊಂದು ಮೊಲ ಹಾಕಿದರೆ ಅದೂ ಹೊರಗೆ ಬರುತ್ತದೆ. ಎರಡನೇ ಸಲ ಕಕ್ಕಿದರೆ, ಅಥವಾ ಊಟವಿಲ್ಲದಾಗಲೂ ಮೈಯ ನಡುಭಾಗದಲ್ಲಿ ಊದಿಕೊಂಡಿದ್ದರೆ, ಕ್ರಿಪ್ಟೋಸ್ಪೊರಿಡಿಯಂ ಎಂಬ ಹೊಟ್ಟೆಯ ಪರಾವಲಂಬಿ ಸೂಕ್ಷ್ಮಜೀವಿಯ ಪರೀಕ್ಷೆ ಮಾಡಿಸಲೇಬೇಕು. ಅದು ಬೇರೆ ಹಾವುಗಳಿಗೆ ಹರಡುತ್ತದೆ, ಮಾಮೂಲಿ ಬ್ಲೀಚ್‌ಗೆ ಬಗ್ಗುವುದಿಲ್ಲ.

ಊಟ ಮುಟ್ಟುತ್ತಿಲ್ಲ

ಜನ ಇದಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಹೆದರುತ್ತಾರೆ. ಬೆಳೆದ ಹೆಬ್ಬಾವಿಗೆ ತಿಂಗಳುಗಟ್ಟಲೆ ಉಪವಾಸ ಹೊಸತಲ್ಲ. ಕಣ್ಣು ಮಂಜಾಗಿ ಪೊರೆ ಬರುತ್ತಿದ್ದರೆ ತಿನ್ನುವುದಿಲ್ಲ. ಚಳಿಗಾಲದಲ್ಲಿ ಗಂಡು ಹಾವು ಹೆಣ್ಣನ್ನು ಹುಡುಕುವ ಗುಂಗಿನಲ್ಲಿ ತಿನ್ನುವುದಿಲ್ಲ. ಮೊಟ್ಟೆ ಹೊತ್ತ ಹೆಣ್ಣೂ ತಿನ್ನುವುದಿಲ್ಲ. ಮೊಟ್ಟೆ ಇಟ್ಟ ಮೇಲೆ ಅವುಗಳ ಸುತ್ತ ಸುರುಳಿ ಸುತ್ತಿ, ಸ್ನಾಯು ನಡುಗಿಸಿ ಬಿಸಿ ಮಾಡುತ್ತಾ ಎರಡು ತಿಂಗಳು ಹಾಗೇ ಇರುತ್ತದೆ.

“ನಮ್ಮಲ್ಲಿ ಗಂಡೇ ಇಲ್ಲ, ಮೊಟ್ಟೆ ಹೇಗೆ?” ಅನ್ನಬೇಡಿ. ಗಂಡಿಲ್ಲದೆಯೂ ಹೆಣ್ಣು ಮೊಟ್ಟೆ ಇಡಬಹುದು. 2012ರಲ್ಲಿ ಕೆಂಟಕಿಯ ಲೂಯಿವಿಲ್ ಮೃಗಾಲಯದಲ್ಲಿ, ಗಂಡಿನ ಸಹವಾಸವೇ ಇಲ್ಲದ ಒಂದು ರೆಟಿಕ್ ಇಟ್ಟ ಮೊಟ್ಟೆಗಳಿಂದ ಜೀವಂತ ಮರಿಗಳೇ ಬಂದವು.

ಇಲ್ಲಿ ತೀರ್ಪು ಹೇಳುವುದು ತಕ್ಕಡಿ. ತಿಂಗಳಿಗೊಮ್ಮೆ ತೂಗಿ. ಹಾವನ್ನು ಮುಚ್ಚಳದ ಡಬ್ಬಿಗೆ ಹಾಕಿ ತೂಗಿ, ಡಬ್ಬಿಯ ತೂಕ ಕಳೆದರೆ ಆಯ್ತು. ತೂಕ ನಿಂತಿದ್ದರೆ ಕಾಯಿರಿ. ಶೇ. 10ರಷ್ಟು ಇಳಿದರೆ ವೈದ್ಯರು. ಬಾಯಿ ಅಂಚು ಕೆಂಪಾಗಿದ್ದರೆ, ಒಳಗೆ ಮೊಸರಿನಂಥ ಬಿಳಿ ಕೀವು ಕಂಡರೆ, ಕಾಯುವುದೇ ಬೇಡ.

ಬಲವಂತದಿಂದ ತಿನ್ನಿಸಬೇಡಿ. ಮೂರು ಮೀಟರ್ ಹಾವಿಗೆ ಅದು ಚಿಕಿತ್ಸೆ ಅಲ್ಲ, ಹಿಂಸೆ.

ಬಾಗಿಲು ತೆಗೆದ ಕೂಡಲೇ ಎರಗುತ್ತದೆ

“ಹಾವು ಸಿಟ್ಟಾಗಿದೆ” ಎಂದು ಎಲ್ಲರೂ ಹೇಳುತ್ತಾರೆ. ಸಿಟ್ಟಲ್ಲ, ಲೆಕ್ಕ ತಪ್ಪಿದೆ. ಬಾಗಿಲು ತೆರೆದುಕೊಂಡಿದ್ದು ಊಟ ಹಾಕುವಾಗ ಮಾತ್ರ ಆಗಿದ್ದರೆ, ಬಾಗಿಲು ಅಂದರೆ ಊಟ ಎಂದು ಅದು ಕಲಿತಿದೆ. ಪೈಥಾನ್‌ಗಳ ತುಟಿಯ ಮೇಲಿನ ಕುಳಿಗಳು ಬಿಸಿಯನ್ನು ಗುರುತಿಸುತ್ತವೆ. ನಿಮ್ಮ ಕೈ ಬಿಸಿ ಇದೆ, ಅದಕ್ಕೆ ಮೊಲದ ವಾಸನೆಯೂ ಇದೆ. ಹಾವಿನ ಕಡೆಯಿಂದ ನೋಡಿದರೆ ಅದೇ ಊಟ, ಅಲ್ವಾ?

ಹೆದರಿದ ಹಾವು ಬೇರೆ ಥರ ಕಾಣುತ್ತದೆ. ಬುಸ್ಸೆನ್ನುತ್ತದೆ, ಮೈ ಉಬ್ಬಿಸುತ್ತದೆ, ಹಿಂದೆ ಸರಿಯುತ್ತದೆ, ತಲೆ ಮರೆಮಾಡುತ್ತದೆ. ಹಸಿದ ಹಾವು ಸದ್ದು ಮಾಡುವುದಿಲ್ಲ. ಕುತ್ತಿಗೆ ಬಾಗಿಸಿ, ತಲೆ ಅಲುಗಿಸದೆ, ನಿಮ್ಮ ಚಲನೆಯನ್ನೇ ಹಿಂಬಾಲಿಸುತ್ತದೆ. ಹೆಚ್ಚು ಅಪಾಯ ಈ ಎರಡನೆಯದೇ. ಹೆದರಿದ ಹಾವು ಕಚ್ಚಿ ಬಿಡುತ್ತದೆ. ಹಸಿದ ಹಾವು ಕಚ್ಚಿ ಸುತ್ತುತ್ತದೆ.

ಪರಿಹಾರ ನಿಧಾನದ್ದು, ಆದರೆ ಕೆಲಸ ಮಾಡುತ್ತದೆ. ಊಟವಿಲ್ಲದ ದಿನಗಳಲ್ಲೂ ಬಾಗಿಲು ತೆಗೆಯಿರಿ, ನೀರು ಬದಲಿಸಿ, ಮುಚ್ಚಿ. ಪ್ರತಿ ಸಲ ಉದ್ದನೆಯ ಹುಕ್‌ನಿಂದ ಮೈಯನ್ನೋ ಮೂತಿಯನ್ನೋ ಮೆತ್ತಗೆ ಸವರಿ. ಹುಕ್ ತಾಗಿತು ಅಂದರೆ ಇವತ್ತು ಊಟವಿಲ್ಲ ಎಂದು ಅದು ಕಲಿಯುತ್ತದೆ. ಊಟದ ದಿನ ಹುಕ್ ಮುಟ್ಟಿಸಬೇಡಿ, ಉದ್ದನೆಯ ಇಕ್ಕಳದಲ್ಲಿ ಕೊಡಿ. ಕೈ ತೊಳೆಯುವುದನ್ನು ಬಿಡಬೇಡಿ. ಮೊಲ, ನಾಯಿ, ಬೆಕ್ಕು ಮುಟ್ಟಿದ ಬಟ್ಟೆಯಲ್ಲಿ ಪೆಟ್ಟಿಗೆ ತೆಗೆಯಬೇಡಿ.

ಮತ್ತು ಒಬ್ಬರೇ ಇದ್ದಾಗ ತೆಗೆಯಲೇಬೇಡಿ. ಎರಡೂವರೆ ಮೀಟರ್ ದಾಟಿದ ಹಾವಿಗೆ ಇಬ್ಬರು. ಅದಕ್ಕೂ ಉದ್ದವಾದರೆ ಪ್ರತಿ ಒಂದೂವರೆ ಮೀಟರಿಗೆ ಇನ್ನೊಬ್ಬರು. ಎರಡನೆಯವರು ಅದೇ ಕೋಣೆಯಲ್ಲಿ ನಿಂತಿರಬೇಕು. ಪಕ್ಕದ ಕೋಣೆಯಲ್ಲಿ ಟಿವಿ ನೋಡುತ್ತಿದ್ದರೆ ಲೆಕ್ಕಕ್ಕಿಲ್ಲ. ಇಪ್ಪತ್ತು ವರ್ಷದಿಂದ ಸಾಕಿದ್ದೇನೆ, ನನ್ನ ಹಾವು ನನಗೆ ಗೊತ್ತು ಅನ್ನುವವರಿಗೂ ಇದೇ ನಿಯಮ.

ಹೆಬ್ಬಾವು ಸುತ್ತಿದರೆ ಉಸಿರು ಕಟ್ಟಿ ಸಾಯುತ್ತಾರೆ ಎಂದು ಕೇಳಿದ್ದೇವೆ. ಬೋವಾಗಳ ಮೇಲೆ ನಡೆದ, 2015ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯದೇ ತೋರಿಸಿತು. ಸುತ್ತಿದ ಕೆಲವೇ ಸೆಕೆಂಡುಗಳಲ್ಲಿ ಬೇಟೆಯ ರಕ್ತದೊತ್ತಡ ಕುಸಿದು ರಕ್ತ ಹರಿಯುವುದೇ ನಿಲ್ಲುತ್ತದೆ. ಅಂದರೆ ಯೋಚನೆ ಮಾಡಲು ನಿಮಿಷಗಳಿಲ್ಲ. ಕುತ್ತಿಗೆ ಮತ್ತು ಎದೆಯಿಂದ ಸುರುಳಿ ದೂರ ಇರುವಂತೆ ನೋಡಿಕೊಳ್ಳಿ. ಜೊತೆಗಿರುವವರು ಬಾಲದ ತುದಿಯಿಂದ ಬಿಚ್ಚಬೇಕು, ನಡುವಿನಿಂದ ಎಳೆದರೆ ಹಾವು ಇನ್ನೂ ಬಿಗಿಯುತ್ತದೆ. ಬಾಯಿ ಬಿಡದಿದ್ದರೆ ವೋಡ್ಕಾದಂಥ ಮದ್ಯವನ್ನೋ ಮೌತ್‌ವಾಶ್ ಅನ್ನೋ ಬಾಯಿಯೊಳಗೆ ಸುರಿಯಬೇಕು. ಆ ಬಾಟಲಿ ಪೆಟ್ಟಿಗೆಯ ಪಕ್ಕದಲ್ಲೇ ಇರಲಿ. ಅಮೆರಿಕದಲ್ಲಿ 911ಕ್ಕೆ ಕರೆ ಮಾಡಲು ನಾಚಿಕೆ ಬೇಡ.

ಪೊರೆ, ಮೂತಿ, ನುಸಿ

ಪೊರೆ ತುಂಡು ತುಂಡಾಗಿ ಬಂದರೆ ತೇವಾಂಶ ಕಡಿಮೆ ಇದೆ, ಅಥವಾ ಹಾವು ಸಾಕಷ್ಟು ನೀರು ಕುಡಿದಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಬಿಡಿ, ಒದ್ದೆ ಟವೆಲ್‌ಗಳ ನಡುವೆ ಹರಿದಾಡಿಸಿ. ಕಣ್ಣಿನ ಮೇಲಿನ ಪೊರೆ ಉಳಿದರೆ ಕೀಳಬೇಡಿ. ಮುಂದಿನ ಸಲ ತಾನಾಗಿಯೇ ಬರುತ್ತದೆ, ಬರದಿದ್ದರೆ ವೈದ್ಯರು ತೆಗೆಯುತ್ತಾರೆ.

ಮೂತಿ ಉಜ್ಜಿ ಗಾಯವಾಗಿದ್ದರೆ ಹಾವು ಹೊರಗೆ ಹೋಗಲು ನೋಡುತ್ತಿದೆ. ಜಾಗ ಸಾಲದು, ಅಡಗಲು ಮರೆಯಿಲ್ಲ, ಅತಿ ಬಿಸಿ, ಇಲ್ಲವೇ ಗಂಡು ಹಾವಿನ ಬೆದೆಯ ಕಾಲ. ಮುಲಾಮು ಹಚ್ಚುವುದರಿಂದ ಮೂಲ ಹೋಗುವುದಿಲ್ಲ. ತಂತಿ ಜಾಲರಿ ತೆಗೆದು ನುಣುಪಾದ ಹಲಗೆ ಹಾಕಿ, ಗಾಜಿನ ಕೆಳಭಾಗ ಮರೆಮಾಡಿ.

ನೀರಿನ ತೊಟ್ಟಿಯ ತಳದಲ್ಲಿ ಕರಿಮೆಣಸಿನ ಪುಡಿಯಂತೆ ಚುಕ್ಕೆಗಳು ಕಂಡರೆ ನುಸಿ. ಕಣ್ಣಿನ ಸುತ್ತ, ಗದ್ದದ ಕೆಳಗೆ ನೋಡಿ. ನುಸಿ ಮೊಟ್ಟೆ ಇಡುವುದು ಹಾವಿನ ಮೈಮೇಲಲ್ಲ, ಪೆಟ್ಟಿಗೆಯ ಸಂದಿಗಳಲ್ಲಿ. ಹಾವಿಗೆ ಮಾತ್ರ ಔಷಧಿ ಹಾಕಿದರೆ ಕೆಲವೇ ವಾರದಲ್ಲಿ ವಾಪಸ್. ಹಾಸು ಎಲ್ಲ ಎಸೆದು, ಸಂದಿ ಸಂದಿ ಒರೆಸಿ, ವೈದ್ಯರು ಹೇಳಿದ ಔಷಧಿಯನ್ನು ಹೇಳಿದಷ್ಟು ಸಲ ಹಾಕಿ.

ಹಾವು ತೀರಾ ದಪ್ಪಗಾಗಿದೆ

ಇದನ್ನು ದೋಷ ಎಂದು ಯಾರೂ ದೂರುವುದಿಲ್ಲ. ಹೆಮ್ಮೆಯಿಂದ ಫೋಟೊ ಕಳಿಸುತ್ತಾರೆ. ಇಲಿನಾಯ್ ರಾಜ್ಯದ ಗರ್ನಿಯಲ್ಲಿದ್ದ ‘ಬೇಬಿ’ ಎಂಬ ಬರ್ಮೀಸ್ ಪೈಥಾನ್ 5.74 ಮೀಟರ್ ಉದ್ದ, 182.8 ಕೆಜಿ ಇತ್ತು. ಕಾನ್ಸಸ್ ಸಿಟಿಯ ‘ಮೆಡುಸಾ’ ಎಂಬ ರೆಟಿಕ್ 2011ರಲ್ಲಿ 7.67 ಮೀಟರ್ ಅಳತೆಯೊಂದಿಗೆ ಗಿನ್ನೆಸ್ ದಾಖಲೆ ಸೇರಿತು. ಇಂಥ ಅಂಕಿಗಳನ್ನು ಕೇಳಿದವರು ತಮ್ಮ ಹಾವನ್ನೂ ಅಲ್ಲಿಗೆ ಮುಟ್ಟಿಸಲು ವಾರವಾರವೂ ಊಟ ಹಾಕುತ್ತಾರೆ. ದೊಡ್ಡದಾಗುತ್ತದೆ ನಿಜ. ಲಿವರ್‌ನಲ್ಲಿ ಕೊಬ್ಬು ತುಂಬಿ ಬೇಗ ಸಾಯುತ್ತದೆ, ಅದೂ ನಿಜ.

ಮೈ ಬಾಗಿದಾಗ ಮಡಿಕೆ ಬಿದ್ದರೆ, ಊಟವಿಲ್ಲದಾಗಲೂ ಹುರುಪೆಗಳ ನಡುವೆ ಚರ್ಮ ಕಂಡರೆ, ಬಾಲದ ಬುಡ ಉಬ್ಬಿದ್ದರೆ ಅದು ಬೊಜ್ಜು. ಬೆಳೆದ ಬರ್ಮೀಸ್‌ಗೆ ಮೂರರಿಂದ ಆರು ವಾರಕ್ಕೊಂದು ಸಾಧಾರಣ ಮೊಲ ಸಾಕು. ಇದ್ದಕ್ಕಿದ್ದಂತೆ ಪೂರ್ತಿ ನಿಲ್ಲಿಸಬೇಡಿ. ಅಂತರ ಹೆಚ್ಚಿಸುತ್ತಾ ಹೋಗಿ, ಹತ್ತಿ ಇಳಿಯಲು ಗಟ್ಟಿ ಹಲಗೆಗಳನ್ನು ಕೊಡಿ.

ಪೆಟ್ಟಿಗೆಯಲ್ಲಿ ಹಾವಿಲ್ಲ

2009ರ ಜುಲೈನಲ್ಲಿ ಫ್ಲೋರಿಡಾದಲ್ಲಿ, ಪೆಟ್ಟಿಗೆಯಿಂದ ಹೊರಬಂದ ಸಾಕು ಬರ್ಮೀಸ್ ಪೈಥಾನ್ ಎರಡು ವರ್ಷದ ಮಗುವನ್ನು ಕೊಂದಿತು. 2013ರ ಆಗಸ್ಟ್‌ನಲ್ಲಿ ಕೆನಡಾದ ಕ್ಯಾಂಪ್‌ಬೆಲ್ಟನ್‌ನಲ್ಲಿ ಆಫ್ರಿಕನ್ ರಾಕ್ ಪೈಥಾನ್ ಒಂದು ಗಾಳಿಕೊಳವೆಯ ಮೂಲಕ ತಪ್ಪಿಸಿಕೊಂಡು, ಮಲಗಿದ್ದ ಇಬ್ಬರು ಪುಟ್ಟ ಸಹೋದರರ ಕೋಣೆಗೆ ಚಾವಣಿಯಿಂದ ಬಿದ್ದು ಇಬ್ಬರನ್ನೂ ಕೊಂದಿತು. ಮನೆಯಲ್ಲಿ ಮಕ್ಕಳಿದ್ದರೆ ಈ ಎರಡು ಘಟನೆಗಳನ್ನು ತಲೆಯಲ್ಲಿಟ್ಟುಕೊಂಡೇ ಪೆಟ್ಟಿಗೆ ನೋಡಿ.

ಬಾಗಿಲಿಗೆ ಚಿಲಕ ಮಾತ್ರ ಸಾಲದು, ಬೀಗ ಬೇಕು. ಮುಚ್ಚಳದ ಮೇಲೆ ಕಲ್ಲು ಇಟ್ಟರೆ ಹಾವು ಎತ್ತಿ ಹಾಕುತ್ತದೆ, ಅದರ ಮೈಯೆಲ್ಲ ಸ್ನಾಯು. ಪೆಟ್ಟಿಗೆ ಇರುವ ಕೋಣೆಗೂ ಬೀಗ ಬೇಕು. ಆ ಕೋಣೆಯ ಎಸಿ ಕಿಂಡಿ, ಡ್ರೈಯರ್ ಕೊಳವೆ, ಬಾಗಿಲ ಕೆಳಗಿನ ಸಂದಿ ಎಲ್ಲಕ್ಕೂ ಗಟ್ಟಿ ಜಾಲರಿ ಹಾಕಿ ಸ್ಕ್ರೂ ಬಿಗಿಯಿರಿ. ತಪ್ಪಿಸಿಕೊಂಡಿದ್ದರೆ ಮೊದಲು ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಮನೆಯಿಂದ ಹೊರಗೆ ಕಳಿಸಿ, ಅಕ್ಕಪಕ್ಕದವರಿಗೆ ಹೇಳಿ. ಆಮೇಲೆ ಬಿಸಿ ಮತ್ತು ಕತ್ತಲೆ ಎರಡೂ ಇರುವ ಕಡೆ ಹುಡುಕಿ: ವಾಟರ್ ಹೀಟರ್ ಹಿಂದೆ, ಫ್ರಿಜ್ ಹಿಂದೆ, ಸೋಫಾದ ಒಳಗೆ.

ಐದು ವರ್ಷದೊಳಗಿನ ಮಕ್ಕಳಿದ್ದರೆ ಇನ್ನೊಂದು ಕಾಳಜಿ ಸಾಲ್ಮೊನೆಲ್ಲಾ, ಅಂದರೆ ವಾಂತಿಭೇದಿ ತರುವ ಬ್ಯಾಕ್ಟೀರಿಯಾ. ಸರೀಸೃಪಗಳ ಮೈಮೇಲೆ ಅದು ಸಾಮಾನ್ಯ. ಹಾವಿನ ತೊಟ್ಟಿಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು.

ಹಾವಿಗೆ ಮನೆ ಸಾಲುತ್ತಿಲ್ಲ

ಕೊನೆಗೆ ಬರುವ ಈ ದೋಷ ರಿಪೇರಿಯಾಗುವಂಥದ್ದಲ್ಲ. ಅರ್ಧ ಮೀಟರ್ ಮರಿಯಾಗಿ ಬಂದದ್ದು ಕೆಲವೇ ವರ್ಷದಲ್ಲಿ ಮೂರು ಮೀಟರ್ ದಾಟುತ್ತದೆ, ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಅಷ್ಟರಲ್ಲಿ ಕೆಲಸ ಬದಲಾಗುತ್ತದೆ, ಮನೆ ಬದಲಾಗುತ್ತದೆ, ಮಕ್ಕಳಾಗುತ್ತವೆ. ಜೊತೆಗೆ ಹಿಡಿಯುತ್ತಿದ್ದ ಗೆಳೆಯ ಊರು ಬಿಡುತ್ತಾನೆ. ಹಾವು ಬಿಟ್ಟುಕೊಡುವುದು ಸೋಲು ಎಂದು ನನಗೆ ಅನ್ನಿಸುವುದಿಲ್ಲ. ಒಬ್ಬರೇ ಹೆದರಿಕೊಂಡು, ವಾರಕ್ಕೊಮ್ಮೆಯೂ ಬಾಗಿಲು ತೆಗೆಯದೆ, ಗಲೀಜಿನಲ್ಲಿ ಇಟ್ಟುಕೊಳ್ಳುವುದಕ್ಕಿಂತ ಅದು ಸಾವಿರ ಪಾಲು ಮೇಲು.

ಹೊರಗೆ ಮಾತ್ರ ಬಿಡಬೇಡಿ. ಫ್ಲೋರಿಡಾದ ಎವರ್‌ಗ್ಲೇಡ್ಸ್‌ನಲ್ಲಿ ಸಾಕಿದವರಿಂದ ಹೊರಬಿದ್ದ ಬರ್ಮೀಸ್ ಪೈಥಾನ್‌ಗಳು ನೆಲೆಯೂರಿವೆ. ಅವು ಹೆಚ್ಚು ಕಾಲದಿಂದ ಇರುವ ಭಾಗದಲ್ಲಿ ರಾತ್ರಿ ಕಣ್ಣಿಗೆ ಬೀಳುವ ರಕೂನ್‌ಗಳ ಸಂಖ್ಯೆ ಶೇ. 99ರಷ್ಟು ಇಳಿದಿದೆ ಎಂದು 2012ರ ಅಧ್ಯಯನ ಹೇಳಿತು. ಟೆಕ್ಸಸ್‌ನ ಚಳಿಗಾಲದಲ್ಲಾದರೆ ಬಿಟ್ಟ ಹಾವು ಸುಮ್ನೆ ಸತ್ತುಹೋಗುತ್ತದೆ.

ಕಾನೂನು ರಾಜ್ಯಕ್ಕೊಂದು ಥರ. ಟೆಕ್ಸಸ್‌ನಲ್ಲಿ ಈ ದೊಡ್ಡ ಹಾವುಗಳಿಗೆ ಪಾರ್ಕ್ಸ್ ಆ್ಯಂಡ್ ವೈಲ್ಡ್‌ಲೈಫ್ ಇಲಾಖೆಯ ಪರ್ಮಿಟ್ ಬೇಕು. ಫ್ಲೋರಿಡಾ 2021ರಿಂದ ಇವನ್ನು ನಿಷೇಧಿತ ಪಟ್ಟಿಗೆ ಸೇರಿಸಿದೆ. ಆದರೆ ಅಲ್ಲಿನ ಎಗ್ಸಾಟಿಕ್ ಪೆಟ್ ಆ್ಯಮ್ನೆಸ್ಟಿ ಕಾರ್ಯಕ್ರಮದಲ್ಲಿ ದಂಡವಿಲ್ಲದೆ ಹಾವನ್ನು ಒಪ್ಪಿಸಬಹುದು. ಬೇರೆ ರಾಜ್ಯದವರಿಗೆ ಕೊಡುವುದಾದರೆ ಎರಡೂ ರಾಜ್ಯಗಳ ನಿಯಮ ನೋಡಿಕೊಂಡೇ ಗಾಡಿ ಹತ್ತಿಸಿ. ಮೃಗಾಲಯದವರು ತೆಗೆದುಕೊಳ್ಳುತ್ತಾರೆ ಎಂದು ನಂಬಿ ಕೂರಬೇಡಿ. ಅವರಿಗೆ ಇಂಥ ಕರೆಗಳು ಸಾಕಷ್ಟು ಬರುತ್ತವೆ, ಹೆಚ್ಚಿನವಕ್ಕೆ ಆಗುವುದಿಲ್ಲ ಅನ್ನುತ್ತಾರೆ.

ವೈದ್ಯರಿಗಾಗಲಿ, ಹಾವು ಪಡೆಯುವ ಆರೈಕೆ ಕೇಂದ್ರಕ್ಕಾಗಲಿ ಫೋನ್ ಮಾಡುವ ಮೊದಲು ಇಷ್ಟನ್ನು ಬರೆದಿಟ್ಟುಕೊಳ್ಳಿ: ಜಾತಿ, ಗಂಡೋ ಹೆಣ್ಣೋ, ಉದ್ದ, ತಕ್ಕಡಿಯಲ್ಲಿ ನೋಡಿದ ತೂಕ, ಕೊನೆಯ ಊಟ ಮತ್ತು ಪೊರೆಯ ತಾರೀಕು, ಪೆಟ್ಟಿಗೆಯ ಎರಡೂ ತುದಿಯ ಹಗಲು-ರಾತ್ರಿಯ ಬಿಸಿ, ಹಿಂದೆ ಕೊಟ್ಟ ಔಷಧಿಗಳು, ಪರ್ಮಿಟ್ ಸಂಖ್ಯೆ. ಹಾವು ಯಾರನ್ನಾದರೂ ಕಚ್ಚಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಬಂದು ಎತ್ತಿಕೊಂಡು ಹೋಗುವವರು ಎಷ್ಟು ಜನ ಬರಬೇಕು ಎಂದು ಅದರಿಂದಲೇ ನಿರ್ಧರಿಸುತ್ತಾರೆ.